ಗ್ರ್ಯಾಂಡ್ ಮಾಸ್ಟರರ ಪಕ್ಕದ ಕುರ್ಚಿ

ನಮ್ಮ ಮಾವ ಒಂದು ರಾಜಕೀಯ ಪಕ್ಷದ ಸಂಘಕ್ಕೆ ನಾಯಕರಾಗಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಾನೂ ಮೊದಲು ನಂಬಿರಲಿಲ್ಲ. ಯಾವ ದೇಶದ ಪಕ್ಷ ಎಂದು ಕೇಳಿದರೆ ಇಂಗ್ಲೆಂಡಿನದು ಎನ್ನುತ್ತಿದ್ದರು. ಯಾವ ಕಾಲದ್ದು ಎಂದರೆ ವಿಕ್ಟೋರಿಯಾ ರಾಣಿಯ ಕಾಲದ್ದು. ಸರಿ, ಸಂಘ ಇರುವುದೆಲ್ಲಿ ಎಂದರೆ, ಬಹರೈನಿನಲ್ಲಿ! ರಾಣಿ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಬ್ರಿಟಿಷರೂ ಬಹರೈನಿನಿಂದ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದರು, ನಮಗಂತೂ ಆ ಊರಿನಲ್ಲಿ ವೋಟು ಎಂಬ ವಸ್ತುವೇ ಇರಲಿಲ್ಲ. ಇಷ್ಟೆಲ್ಲ ಅನುಕೂಲಗಳ ನಡುವೆ ಟುಬ್ಲಿಯ ಒಂದು ಎಸಿ ರಿಪೇರಿ ವರ್ಕ್‌ಶಾಪಿನ ಫೋರ್‌ಮನ್ ಪಕ್ಷ ಸಂಘಟನೆಗೆ ಇಳಿದಿದ್ದರು. ಅವರೇ ನಮ್ಮ ಮಾವ.

ಮಾವ ಎಂದರೆ ನನ್ನ ಗಂಡನ ಸೋದರಮಾವ. ಸುರತ್ಕಲ್ ಕಡೆಯವರು. ಗಲ್ಫಿಗೆ ಬಂದವರೆಲ್ಲ ಚಿನ್ನ ಕೊಂಡರು, ಊರಿನಲ್ಲಿ ಟೆರೇಸ್ ಮನೆ ಕಟ್ಟಿಸಿದರು, ರಜೆಗೆ ಹೋಗುವಾಗ ವಿಸಿಆರ್ ಹೊತ್ತುಕೊಂಡು ಹೋದರು. ಇವರು ಸಂಪಾದಿಸಿದ್ದು ಒಂದು ಹುದ್ದೆ: ಗ್ರ್ಯಾಂಡ್ ಮಾಸ್ಟರ್. ಅದನ್ನು ಹೇಳುವುದಕ್ಕೂ ಒಂದು ಕ್ರಮವಿತ್ತು. ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಆಮೇಲೆ ಅಂಗಿಯ ಕಾಲರು, ಆಮೇಲೆ ಹುದ್ದೆ. ಫೋನಿನಲ್ಲಿ ಮಾತಾಡುವಾಗಲೂ ಕಾಲರು ಸರಿಮಾಡಿಕೊಳ್ಳುತ್ತಿದ್ದರು; ನಾನೇ ಕಣ್ಣಾರೆ ಕಂಡಿದ್ದೇನೆ.

ಈ ಹುಚ್ಚು ಹತ್ತಿಸಿದವನು ವರ್ಕ್‌ಶಾಪಿನ ಮುದಿ ಇಂಗ್ಲಿಷ್ ಮ್ಯಾನೇಜರ್. ನಿವೃತ್ತಿಗೆ ಹತ್ತಿರವಾಗಿದ್ದ ಆ ಮನುಷ್ಯನಿಗೆ ಊಟದ ಹೊತ್ತಿನಲ್ಲಿ ಕೇಳುವ ಕಿವಿ ಬೇಕಿತ್ತು, ಮಾವನಿಗೆ ಇಂಗ್ಲಿಷ್ ಕಲಿಯಬೇಕಿತ್ತು. ಆತನ ಅಜ್ಜಿ ರಾಣಿಯ ಕಾಲದಲ್ಲಿ ಒಂದು ಪಕ್ಷದ ಊರೂರು ಸಂಘಗಳಲ್ಲಿ ದೊಡ್ಡ ಹೆಸರು ಮಾಡಿದವಳಂತೆ. ಆ ಸಂಘದ ಏರ್ಪಾಡನ್ನು ಕೇಳಬೇಕು ನೀವು! ಎಲ್ಲರ ಮೇಲೆ ಗ್ರ್ಯಾಂಡ್ ಮಾಸ್ಟರ್. ಆತ ಯಾವನೋ ಲಾರ್ಡು, ಅಪರೂಪಕ್ಕೊಮ್ಮೆ ಮುಖ ತೋರಿಸುವವನು. ಅವನ ಕೆಳಗೆ ಗಂಡಸರು ನೈಟ್‌ಗಳು, ಹೆಂಗಸರು ಡೇಮ್‌ಗಳು. ಶಾಖೆಗೆ ಶಾಖೆ ಎನ್ನುವಂತಿಲ್ಲ, ಹ್ಯಾಬಿಟೇಶನ್ ಎನ್ನಬೇಕು. ಎದೆಯ ಮೇಲೆ ಹಳದಿ ಹೂವಿನ ಬ್ಯಾಡ್ಜು. ಭಾಷಣವೆಲ್ಲ ಗಂಡಸರದು, ಮನೆಮನೆ ತಿರುಗಿ, ಚಹಾ ಕೂಟ ನಡೆಸಿ, ಬಡವ ಬಲ್ಲಿದರನ್ನು ಒಂದೇ ಬೆಂಚಿನಲ್ಲಿ ಕೂರಿಸಿ, ಪಕ್ಷಕ್ಕೆ ವೋಟು ಹೊಂದಿಸುವ ಕೆಲಸ ಹೆಂಗಸರದು. ಆ ಹೆಂಗಸರಿಗೆ ಸ್ವಂತ ವೋಟೇ ಇರಲಿಲ್ಲ ಎಂಬುದು ಬೇರೆ ಮಾತು.

ಇದನ್ನು ಕೇಳಿ ನೀವು ನಾವಾದರೆ ಹೌದಾ ಎಂದು ಕೈ ತೊಳೆದುಕೊಂಡು ಏಳುತ್ತಿದ್ದೆವು. ಮಾವ ಏಳಲಿಲ್ಲ. ಅವರ ತರ್ಕ ಹೇಗಿತ್ತು ನೋಡಿ.

"ಆ ಹೆಂಗಸರಿಗೆ ವೋಟ್ ಇತ್ತಾ? ಇರ್ಲಿಲ್ಲ. ಆದ್ರೂ ಪಕ್ಷ ನಿಂತದ್ದು ಅವರಿಂದ. ನಮಗೂ ಇಲ್ಲಿ ವೋಟ್ ಇಲ್ಲ. ಹಾಗಾದ್ರೆ ನಾವೂ ಮಾಡ್ಬಹುದಲ್ಲ?"

"ಯಾವ ಪಕ್ಷಕ್ಕೆ ಮಾವ?" ಎಂದು ನನ್ನ ಗಂಡ ಕೇಳಿದರಂತೆ.

"ಪಕ್ಷ ಮತ್ತೆ ನೋಡುವ. ಮೊದ್ಲು ಸಂಘ ಆಗ್ಲಿ."

"ಪಕ್ಷ ಅಂತ ಜೋರಾಗಿ ಹೇಳ್ಬೇಡಿ. ಬತಾಕ ಕಿತ್ಕೊಂಡು ವಿಮಾನ ಹತ್ತಿಸ್ತಾರೆ."

ಬತಾಕ ಎಂದರೆ ಅಲ್ಲಿನ ಗುರುತಿನ ಚೀಟಿ. ನನ್ನ ಗಂಡನಿಗೆ ಪ್ರಾಣಕ್ಕಿಂತ ಅದರ ಚಿಂತೆ ಹೆಚ್ಚು. ಅಂದಿನಿಂದ ಪಕ್ಷದ ಹೆಸರನ್ನು ಯಾರೂ ಎತ್ತಲಿಲ್ಲ. ಪಕ್ಷವಿಲ್ಲದ ಪಕ್ಷದ ಸಂಘ ಹುಟ್ಟಿದ್ದು ಹೀಗೆ.

ನಾನು ಮದುವೆಯಾಗಿ ಬಹರೈನಿಗೆ ಇಳಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ವಿಮಾನ ನಿಲ್ದಾಣಕ್ಕೆ ಗಂಡನ ಜೊತೆ ಮಾವನೂ ಬಂದಿದ್ದರು, ಕೈಯಲ್ಲಿ ಹೂಗುಚ್ಛ ಇರಬಹುದೆಂದು ನೋಡಿದರೆ ಒಂದು ತಗಡಿನ ಬಿಲ್ಲೆ ಇತ್ತು. ನನ್ನ ಪೆಟ್ಟಿಗೆ ಇನ್ನೂ ಹೊರಗೆ ಬಂದಿರಲಿಲ್ಲ, ನನಗೆ ಹುದ್ದೆ ಬಂದಾಗಿತ್ತು.

"ನೀನು ಇನ್ನು ಡೇಮ್," ಎಂದರು.

"ಅದೆಂತದು?"

"ಎಂತದೂ ಇಲ್ಲ ಮಾರಾಯ್ತಿ. ಶುಕ್ರವಾರ ನಾಲ್ಕು ಮನೆಗೆ ಹೋಗಿ ಮಾತಾಡಿ ಬರ್ಲಿಕ್ಕೆ. ಮಾಹೂಝ್ ಹ್ಯಾಬಿಟೇಶನ್ ನಿಂದು."

"ನಂಗೆ ಅಲ್ಲಿ ಯಾರದ್ದೂ ಪರಿಚಯ ಇಲ್ಲ."

"ಅದಕ್ಕೇ ನಿನಗೆ ಕೊಟ್ಟದ್ದು."

ಮದುವೆಯಾಗಿ ಬಂದ ಹುಡುಗಿಯರು ಫ್ಲ್ಯಾಟಿನ ಕಿಟಕಿ ಹಿಡಿದುಕೊಂಡು ಅಳುತ್ತಿದ್ದ ಕಾಲ ಅದು. ನನಗೂ ಅಳಬೇಕೆಂಬ ಆಸೆ ಬಹಳ ಇತ್ತು. ಆದರೆ ಬಾಣಂತಿಗೆ ಮೆಂತ್ಯೆ ಉಂಡೆ ಒಯ್ಯಬೇಕು, ಯಾರದೋ ಅಮ್ಮನಿಗೆ ಮದ್ದು ಕಳಿಸಲು ಊರಿಗೆ ಹೋಗುವವರನ್ನು ಹುಡುಕಬೇಕು, ಜಗಳ ಮಾಡಿಕೊಂಡ ರೂಮ್‌ಮೇಟ್‌ಗಳನ್ನು ಮಾತಾಡಿಸಬೇಕು. ಒಟ್ಟಿನಲ್ಲಿ ಅಳುವುದಕ್ಕೆ ಪುರುಸೊತ್ತೇ ಆಗಲಿಲ್ಲ. ಈ ವಿಷಯದಲ್ಲಿ ಮಾವನ ಮೇಲೆ ನನಗೆ ಈಗಲೂ ಸ್ವಲ್ಪ ಸಿಟ್ಟಿದೆ.

ಆ ತಗಡಿನ ಬಿಲ್ಲೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಎಸಿಯ ಗಾಳಿ ಕೊಳವೆ ಮಾಡಿ ಉಳಿದ ತಗಡನ್ನು ಮಾವನೇ ಕತ್ತರಿಸಿ, ಬಿಳಿ ಬಣ್ಣ ಬಳಿದು, ನಡುವೆ ಹಳದಿ ಹೂವು ಬಿಡಿಸುತ್ತಿದ್ದರು. ರೆಫ್ರಿಜರೇಟರ್ ಬಿಚ್ಚಿ ಜೋಡಿಸುವ ಕೈಗೆ ಹೂವಿನ ದಳ ಎಲ್ಲಿ ಒಲಿಯಬೇಕು? ದಳಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ನಡುವೆ ದುಂಡಗೆ ಒಂದು ಹಳದಿ ಬೊಟ್ಟು ಉಳಿಯುತ್ತಿತ್ತು. ನೋಡಿದವರಿಗೆ ಕಾವಲಿಯ ಮೇಲೆ ಒಡೆದು ಹಾಕಿದ ಮೊಟ್ಟೆ! ಟುಬ್ಲಿ ಹ್ಯಾಬಿಟೇಶನ್ನಿನ ಡೇಮ್ ಲಿಲ್ಲಿ ಬಾಯಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಕೊಂಕಣಿ ಮನೆಮಾತಿನ ಕ್ರೈಸ್ತ ಹೆಂಗಸು, ನಾಲಿಗೆಗೆ ಲಗಾಮಿಲ್ಲ. ಅವರೊಮ್ಮೆ ತುಂಬಿದ ಸಭೆಯಲ್ಲಿ ಎದ್ದು ನಿಂತು ದೂರು ಕೊಟ್ಟರು.

"ಗ್ರ್ಯಾಂಡ್ ಮಾಸ್ಟರೇ, ಇದನ್ನು ಹಾಕಿಕೊಂಡು ವಾರ್ಡಿಗೆ ಹೋದ್ರೆ ಪೇಶೆಂಟ್‌ಗಳು ಕೇಳ್ತಾರೆ, ಸಿಸ್ಟರ್ ನಿಮ್ದು ಕೋಳಿ ಫಾರ್ಮ್ ಉಂಟಾ ಅಂತ."

"ನೀವೇನು ಹೇಳಿದ್ರಿ?"

"ಉಂಟು, ಮೊಟ್ಟೆ ಮಾತ್ರ ತಗಡಿಂದು ಅಂತ ಹೇಳಿದೆ."

ಮಾವ ನಮಗಿಂತ ಜೋರಾಗಿ ನಕ್ಕರು. ಅವರನ್ನು ತಮಾಷೆ ಮಾಡುವುದರಲ್ಲಿ ಸುಖವೇ ಇರಲಿಲ್ಲ, ಏಕೆಂದರೆ ಅವರೇ ಮೊದಲು ನಗುತ್ತಿದ್ದರು. ಒಂದೇ ಒಂದು ವಿಷಯ ಬಿಟ್ಟು. ಅದು ಕುರ್ಚಿಯ ವಿಷಯ.

ಶುಕ್ರವಾರ ಸಂಜೆ ಮಾಹೂಝಿನ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಸಭೆ. ಗೋಡೆಗೆ ತಾಗಿ ಎರಡು ಮಡಚುವ ಕುರ್ಚಿ, ಉಳಿದವರೆಲ್ಲ ಚಾಪೆಯಲ್ಲಿ. ಒಂದು ಕುರ್ಚಿಯಲ್ಲಿ ಮಾವ. ಪಕ್ಕದ್ದು ಖಾಲಿ. ಅದಕ್ಕೆ ಒಗೆದ ಬಿಳಿ ಟವೆಲ್ ಹೊದಿಸಿ, ಸಭೆಗೆ ಮೊದಲು ಮಾವ ಸ್ವತಃ ಧೂಳು ಒರೆಸುತ್ತಿದ್ದರು. ಅದು ಡೇಮ್‌ಗಳಿಗೆಲ್ಲ ಹಿರಿಯಳಾದ ಲೇಡಿ ಪ್ರೆಸಿಡೆಂಟರ ಕುರ್ಚಿ. ಒಮ್ಮೆ ಹೊಸದಾಗಿ ಬಂದ ವೆಲ್ಡರ್ ಒಬ್ಬರು ಗೊತ್ತಿಲ್ಲದೆ ಅದರಲ್ಲಿ ಕೂತುಬಿಟ್ಟರು. ಮಾವ ಎದ್ದು ನಿಂತರು. ನಿಂತೇ ಸ್ವಾಗತ ಮಾಡಿದರು, ನಿಂತೇ ಚಹಾ ಕುಡಿದರು.

"ನಿಮಗೆ ಕೂರ್ಲಿಕ್ಕೆ ಇಲ್ವಾ?" ಎಂದು ವೆಲ್ಡರ್ ಕೇಳಿದರು.

"ಉಂಟು. ನೀವು ಎದ್ದ ಮೇಲೆ," ಎಂದರು ಮಾವ.

ಆ ಕುರ್ಚಿ ಯಾರಿಗಾಗಿ ಎಂಬುದು ಗುಟ್ಟೇನೂ ಆಗಿರಲಿಲ್ಲ. ಅದು ನಮ್ಮ ಅತ್ತೆಗೆ, ಎಂದರೆ ಮಾವನ ಹೆಂಡತಿಗೆ. ಕಂಪನಿಯವರು ಫ್ಯಾಮಿಲಿ ವೀಸಾ ಕೊಡಲು ಒಪ್ಪಿ ವರ್ಷಗಳಾಗಿದ್ದವು. ಅತ್ತೆ ಮಾತ್ರ ಬರಲೊಲ್ಲರು. ಅವರು ಊರಿನ ಮಹಿಳಾ ಮಂಡಳಿಯ ಅಧ್ಯಕ್ಷೆ. ಮಕ್ಕಳಿಲ್ಲದ ಮನೆ, ಹಾಗಾಗಿ ಇಡೀ ಊರೇ ಅವರ ಸಂಸಾರ. ಚುನಾವಣೆ ಬಂದರೆ ಎರಡೂ ಪಕ್ಷದವರು ಮೊದಲು ಅವರ ಅಂಗಳಕ್ಕೆ ಬಂದು ಮಜ್ಜಿಗೆ ಕುಡಿದೇ ಮುಂದೆ ಹೋಗುತ್ತಿದ್ದರು. ಗಂಡ ಕರೆದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನನಗೆ ಎಂತ ಕೆಲಸ? ಎಸಿ ಹಾಕಿಕೊಂಡು ಗೋಡೆ ನೋಡ್ಲಿಕ್ಕಾ?"

ಆ ಪ್ರಶ್ನೆಗೆ ಮಾವ ಉತ್ತರ ಹುಡುಕುತ್ತಿದ್ದರು. ಅಂಥ ಹೊತ್ತಿನಲ್ಲೇ ಇಂಗ್ಲಿಷ್ ಮ್ಯಾನೇಜರ್ ತನ್ನ ಅಜ್ಜಿಯ ಕಥೆ ಹೇಳಿದ್ದು. ಮನೆಮನೆ ತಿರುಗುವ, ಊರನ್ನೇ ನಡೆಸುವ ಹೆಂಗಸಿಗೆ ಒಂದು ಹುದ್ದೆ ಇದೆ, ಕುರ್ಚಿ ಇದೆ ಎಂದು ತಿಳಿದ ಮೇಲೆ ಮಾವ ಸುಮ್ಮನೆ ಕೂರುವುದುಂಟೇ? ಹೆಂಡತಿ ಬರಲಿ ಎಂದು ಕೆಲವರು ಹರಕೆ ಹೊರುತ್ತಾರೆ, ಕೆಲವರು ಸೀರೆ ಕಳಿಸುತ್ತಾರೆ. ನಮ್ಮ ಮಾವ ಒಂದು ಸಂಘವನ್ನೇ ಕಟ್ಟಿದರು.

ಅತ್ತೆ ಬರಲಿಲ್ಲ. ಆದರೆ ಅವರ ದನಿ ಬಂತು. ಆಗ ಗಲ್ಫಿಗೂ ಊರಿಗೂ ಮಾತುಕತೆ ಎಂದರೆ ಕ್ಯಾಸೆಟ್ಟು. ಮಾವ ಪ್ರತಿ ಸಭೆಯನ್ನೂ ಟೇಪ್ ಮಾಡಿ, ರಜೆಗೆ ಹೋಗುವವರ ಕೈಯಲ್ಲಿ ಊರಿಗೆ ಕಳಿಸುತ್ತಿದ್ದರು. ನಮ್ಮ ಚರ್ಚೆ, ಕೆಮ್ಮು, ಮಕ್ಕಳ ರಂಪ, ಲಿಲ್ಲಿ ಬಾಯಿಯ ನಗು, ಎಲ್ಲವೂ ಸುರತ್ಕಲ್ ತಲುಪುತ್ತಿತ್ತು. ಅಲ್ಲಿಂದ ಅತ್ತೆಯ ಉತ್ತರ ಬರುತ್ತಿತ್ತು. ಮಾವ ಟೇಪ್ ರೆಕಾರ್ಡರನ್ನು ಖಾಲಿ ಕುರ್ಚಿಯ ಟವೆಲ್ಲಿನ ಮೇಲೆ ಕೂರಿಸಿ ಬಟನ್ ಒತ್ತಿದರೆ ಲೇಡಿ ಪ್ರೆಸಿಡೆಂಟ್ ಭಾಷಣ ಶುರು!

"ಎರಡನೇದಾಗಿ ಮಾತಾಡಿದವರಿಗೆ ಕುಡಿಲಿಕ್ಕೆ ನೀರು ಕೊಡಿ, ಗಂಟಲು ಒಣಗಿದೆ. ಆ ಅಳುವ ಮಗುವಿನ ಹೊಟ್ಟೆಗೆ ಓಮದ ನೀರು ಹಾಕಿ. ಮತ್ತೆ ನಮ್ಮ ಇವರು, ಒಂದೇ ಮಾತನ್ನು ಮೂರು ಸಲ ಹೇಳುದು ನಿಲ್ಲಿಸ್ಬೇಕು."

ಮಾವ ತಲೆ ಬಾಗಿಸಿ, "ಆಯ್ತು, ಆಯ್ತು, ಆಯ್ತು," ಎನ್ನುತ್ತಿದ್ದರು.

ಸಭೆಗೆಂದೇ ಅತ್ತೆ ಅಚ್ಚುಕಟ್ಟಾಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ಮನೆಯಲ್ಲಿ ನಮ್ಮದೆಲ್ಲ ತುಳು. ಇಷ್ಟೆಲ್ಲ ಆಡಳಿತ ನಡೆಸುವ ಅತ್ತೆಗೆ ಒಂದು ವಿದ್ಯೆ ಮಾತ್ರ ಬರುತ್ತಿರಲಿಲ್ಲ: ಮಾತು ಮುಗಿದ ಮೇಲೆ ರೆಕಾರ್ಡಿಂಗ್ ನಿಲ್ಲಿಸುವುದು. ಹಾಗಾಗಿ ಪ್ರತಿ ಕ್ಯಾಸೆಟ್ಟಿನ ಕೊನೆಯಲ್ಲಿ ಅವರ ಮನೆಯೇ ಓಡುತ್ತಿತ್ತು. ಕೋಳಿಗಳ ಕೊಕ್ಕೊಕ್ಕೊ, ಬಾವಿಯ ರಾಟೆ, ದೂರದಲ್ಲಿ ಬಸ್ಸಿನ ಹಾರ್ನು, ಪಾತ್ರೆ ಬಿದ್ದ ಸದ್ದು. ನಾವು ಚಪ್ಪಲಿ ಹುಡುಕಿ ಹೊರಟರೂ ಮಾವ ಏಳುತ್ತಿರಲಿಲ್ಲ. ಟೇಪು ಮುಗಿದು ಬಟನ್ ತಾನಾಗಿ ಮೇಲೆ ಹಾರುವ ತನಕ ಕಿವಿಗೊಟ್ಟು ಕೂರುತ್ತಿದ್ದರು.

"ಗ್ರ್ಯಾಂಡ್ ಮಾಸ್ಟರೇ, ಕೋಳಿಯ ಭಾಷಣ ಮುಗೀತಾ?" ಎಂದು ಬಾಗಿಲಿನಿಂದ ಲಿಲ್ಲಿ ಬಾಯಿ ಕೇಳುವುದು ವಾಡಿಕೆ.

"ಇಲ್ಲ, ಇನ್ನು ನಿರ್ಣಯ ಮಂಡಿಸ್ಲಿಕ್ಕುಂಟು," ಎನ್ನುತ್ತಿದ್ದರು ಮಾವ.

ಕ್ಯಾಸೆಟ್ಟಿನ ಆಡಳಿತದಲ್ಲಿ ಒಂದು ಕಷ್ಟವಿತ್ತು. ಹೋಗಿ ಬರಲು ವಾರಗಟ್ಟಲೆ ಬೇಕು. ಒಂದು ಚಳಿಗಾಲದಲ್ಲಿ ಸಮುದ್ರದಂಡೆಗೆ ಪಿಕ್ನಿಕ್ ಹೋಗುವುದೆಂದು ತೀರ್ಮಾನಿಸಿದೆವು. ಹೋದೆವು, ಬಂದೆವು, ಬಿಸಿಲಿಗೆ ಕಪ್ಪಾದ ಮೂಗು ಸುಲಿದು ಹೊಸ ಚರ್ಮವೂ ಬಂತು. ಆಮೇಲೆ ಬಂತು ಅತ್ತೆಯ ಉತ್ತರ: "ಪಿಕ್ನಿಕ್ ಮಧ್ಯಾಹ್ನ ಬೇಡ, ಸಂಜೆಗೆ ಇಡಿ. ಚಿತ್ರಾನ್ನ ಬೇಡ, ಅವಲಕ್ಕಿ ಮಾಡಿ." ಸಭೆಯಲ್ಲಿ ನಗು ನಿಲ್ಲಲಿಲ್ಲ. ಮಾವ ಕಾಲರು ಸರಿಮಾಡಿಕೊಂಡರು.

"ಲೇಡಿ ಪ್ರೆಸಿಡೆಂಟ್ ಹೇಳಿ ಆಗಿದೆ. ಮುಂದಿನ ಶುಕ್ರವಾರ ಸಂಜೆ. ಅವಲಕ್ಕಿ."

"ಹೋಗಿ ಬಂದದ್ದಲ್ವಾ ಮಾವ?" ಎಂದೆ.

"ಅದು ರಿಹರ್ಸಲ್."

ಹೋದೆವು! ಕಾರಿನ ನೆತ್ತಿಯ ಮೇಲೆ ಆ ಕುರ್ಚಿಯನ್ನೂ ಕಟ್ಟಿಕೊಂಡು. ಮರಳಿನಲ್ಲಿ, ಅಲೆಗೆ ಎದುರಾಗಿ, ಟವೆಲ್ ಹೊದ್ದ ಖಾಲಿ ಕುರ್ಚಿ. ಅಲ್ಲೇ ಬಲೆ ಒಣಗಿಸುತ್ತಿದ್ದ ಬಹರೈನಿ ಮುದುಕರೊಬ್ಬರು ಬಹಳ ಹೊತ್ತು ನೋಡಿ, ಹಿಂದಿಯಲ್ಲಿ ಅದು ಯಾರ ಕುರ್ಚಿ ಎಂದು ಕೇಳಿದರು. ಮಾವ ತಮಗೆ ಬರುವ ಅರಬಿಯಲ್ಲಿ ಅತ್ಯಂತ ದೊಡ್ಡ ಪದವನ್ನೇ ಆರಿಸಿ "ಮುದೀರ್" ಎಂದರು, ಎಂದರೆ ಮ್ಯಾನೇಜರ್. ಮುದುಕರು ಕುರ್ಚಿಯನ್ನು ಇನ್ನೊಮ್ಮೆ ನೋಡಿದರು. ಎಲ್ಲ ಕಡೆ ಮ್ಯಾನೇಜರುಗಳು ಹೀಗೆಯೇ ಎಂದು ಅನ್ನಿಸಿರಬೇಕು, ಖಾಲಿ ಕುರ್ಚಿಗೆ ಸಲಾಂ ಹೇಳಿ ಹೋದರು. ಅಂದು ಅವಲಕ್ಕಿ ಚೆನ್ನಾಗಿತ್ತು, ತಂಪು ಗಾಳಿಯೂ ಇತ್ತು. ಅತ್ತೆ ಹೇಳಿದ್ದೇ ಸರಿ ಎಂದು ಒಪ್ಪಲು ನಮಗೆ ಮಾತ್ರ ಮನಸ್ಸಿರಲಿಲ್ಲ.

ಹಮದ್ ಟೌನ್ ಎಂಬ ಹೊಸ ಊರು ಎದ್ದು ನಿಂತಾಗ ಅಲ್ಲಿಗೂ ಸಂಘವನ್ನು ವಿಸ್ತರಿಸಬೇಕೆಂಬ ಉತ್ಸಾಹ ಬಂತು. ಕಾಪು ಕಡೆಯ ಒಂದು ಕುಟುಂಬ ಅಲ್ಲಿ ಬಾಡಿಗೆಗೆ ಹೋಗಿದೆ ಎಂದು ಸುದ್ದಿ. ಮಾವನ ಹಳೆಯ ಕಾರಿನಲ್ಲಿ ನಾನೂ ಹೊರಟೆ. ಹಮದ್ ಟೌನ್ ನೋಡಿದವರಿಗೆ ಗೊತ್ತು, ಅಲ್ಲಿ ರಸ್ತೆಗಿಂತ ರೌಂಡಬೌಟುಗಳೇ ಹೆಚ್ಚು, ಒಂದರಂತೆಯೇ ಇನ್ನೊಂದು. ಮಾವ ಒಂದು ರೌಂಡಬೌಟಿಗೆ ನುಗ್ಗಿದರೆ ಹೊರಬರುವ ದಾರಿ ತೀರ್ಮಾನವಾಗುವವರೆಗೆ ಸುತ್ತುತ್ತಲೇ ಇರುವವರು. ನನಗೆ ತಲೆ ತಿರುಗಿತು. ಕೊನೆಗೆ ಒಂದು ಮನೆಯ ಮುಂದೆ ನಿಲ್ಲಿಸಿ ಇದೇ ಇರಬೇಕು ಎಂದರು. ಬಾಗಿಲು ತೆರೆದವರು ತೋಬು ಎಂಬ ಬಿಳಿ ನಿಲುವಂಗಿ ತೊಟ್ಟ ಬಹರೈನಿ ಗೃಹಸ್ಥರು. ಬೇರೆ ಯಾರಾದರೂ ಆಗಿದ್ದರೆ ಕ್ಷಮೆ ಕೇಳಿ ಹಿಂದಿರುಗುತ್ತಿದ್ದರು. ಮಾವ ಗಂಟಲು ಸರಿಮಾಡಿಕೊಂಡರು. ಮನೆಯವರು ನಮ್ಮನ್ನು ಒಳಗೆ ಕರೆದು ಕೂರಿಸಿ ಖರ್ಜೂರ, ಪುಟ್ಟ ಬಟ್ಟಲಿನಲ್ಲಿ ಗಹ್ವಾ ಕಾಫಿ ಕೊಟ್ಟರು. ಅರ್ಧ ಹಿಂದಿ ಅರ್ಧ ಅರಬಿಯಲ್ಲಿ ಮಾವ ರಾಣಿಯ ಕಾಲದಿಂದ ಶುರುಮಾಡಿದರು. ಹೊರಡುವಾಗ ಆ ಗೃಹಸ್ಥರ ಎದೆಯ ಮೇಲೆ ತಗಡಿನ ಮೊಟ್ಟೆ ಹೊಳೆಯುತ್ತಿತ್ತು. ಕಾಪುವಿನ ಕುಟುಂಬ ಕೊನೆಗೂ ಸಿಗಲೇ ಇಲ್ಲ. ಹಮದ್ ಟೌನ್ ಹ್ಯಾಬಿಟೇಶನ್ನಿನ ಏಕೈಕ ಸದಸ್ಯರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ, ಆದರೆ ಪ್ರತಿ ಈದ್‌ಗೂ ಸಂಘಕ್ಕೆ ಒಂದು ತಟ್ಟೆ ಹಲ್ವ ತಪ್ಪದೆ ಬರುತ್ತಿತ್ತು.

ಹೀಗೆ ನಡೆಯುತ್ತಿದ್ದ ಸಾಮ್ರಾಜ್ಯಕ್ಕೆ ಬೆಂಗಳೂರಿನಿಂದ ಪ್ರಕಾಶ ಬಂದ. ಅಕೌಂಟೆಂಟ್ ಹುಡುಗ, ಒಳ್ಳೆಯವನು, ಎಲ್ಲವನ್ನೂ ಕ್ರಮವಾಗಿ ಮಾಡಬೇಕೆಂಬವನು. ಒಂದು ಶುಕ್ರವಾರ ಸಭೆಯಲ್ಲಿ ಕೈಯೆತ್ತಿದ.

"ಸಾರ್, ನಿಮ್ಮ ಬಗ್ಗೆ ಫುಲ್ ರೆಸ್ಪೆಕ್ಟ್ ಇದೆ. ಆದ್ರೆ ಇಷ್ಟೊಂದು ಫ್ಯಾಮಿಲೀಸ್ ಆಗಿವೆ, ಒಂದು ಎಲೆಕ್ಷನ್ ಅಂತ ಬೇಡ್ವಾ? ಲೇಡಿ ಪ್ರೆಸಿಡೆಂಟ್ ಪೋಸ್ಟ್ ಅಂತೂ ಶುರುವಿನಿಂದ ವೇಕೆಂಟ್."

"ವೇಕೆಂಟ್ ಅಲ್ಲ," ಎಂದರು ಮಾವ. "ಬರ್ಲಿಕ್ಕುಂಟು."

"ಯಾವಾಗ ಸಾರ್?"

ಹುಡುಗ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ನಮ್ಮಲ್ಲಿ ಯಾರೂ ಅಷ್ಟು ವರ್ಷ ಕೇಳದ ಪ್ರಶ್ನೆ ಅದು. ಮಾವನ ಕೈ ಕಾಲರಿನವರೆಗೆ ಹೋಗಿ ಹಾಗೇ ಕೆಳಗೆ ಬಂತು.

"ಎಲೆಕ್ಷನ್ ನನ್ನ ಕುರ್ಚಿಗೆ ಮಾಡಿ. ನನ್ನನ್ನು ಬೇಕಾದ್ರೆ ತೆಗೀರಿ," ಎಂದರು. "ಈ ಕುರ್ಚಿ ಮುಟ್ಬೇಡಿ."

ಯಾರೋ ಲಿಲ್ಲಿ ಬಾಯಿಯ ಕಡೆ ನೋಡಿದರು. "ಆ ಕುರ್ಚಿಗೆ ನನ್ನ ಹೆಸ್ರು ಹೇಳಿದವರು ಮುಂದಿನ ಸಲ ಇಂಜೆಕ್ಷನ್‌ಗೆ ಬನ್ನಿ, ನೋಡ್ತೇನೆ," ಎಂದರು ಅವರು. ಆ ಮಾತು ಅಲ್ಲಿಗೆ ಮುಗಿಯಿತು. ಗ್ರ್ಯಾಂಡ್ ಮಾಸ್ಟರ್ ಹುದ್ದೆಗೆ ಮಾತ್ರ ಚುನಾವಣೆ ನಿಶ್ಚಯವಾಯಿತು. ಮಾವನ ಎದುರು ನಿಲ್ಲಲು ಒಬ್ಬರೂ ಸಿದ್ಧರಿರಲಿಲ್ಲ. ಎಲೆಕ್ಷನ್ ಕೇಳಿದ ತಪ್ಪಿಗೆ ಪ್ರಕಾಶನೇ ನಿಂತ.

ಈಗ ಮಾವನ ರಾಜಕೀಯ ನೈಪುಣ್ಯ ನೋಡಿ. ಬಹರೈನಿಗೆ ಬಂದ ಮೇಲೆ ಅವರಿಗೆ ಮೊದಲ ಬಾರಿಗೆ ನಿಜವಾದ ವೋಟು ಕೇಳುವ ಅವಕಾಶ! ವಿಕ್ಟೋರಿಯಾ ರಾಣಿಯ ಕಾಲದ ಕಲೆಯನ್ನೆಲ್ಲ ಬಳಸಿ ಮನೆಮನೆ ತಿರುಗಿದರು. ಪ್ರತಿ ಮನೆಯಲ್ಲಿ ಕೂತು ಚಹಾ ಕುಡಿದು, ಮಕ್ಕಳ ಶಾಲೆ ವಿಚಾರಿಸಿ, ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಹೇಳುತ್ತಿದ್ದರು: "ನನ್ನದು ಬಿಡಿ. ಆ ಹುಡುಗ ಬೆಂಗಳೂರಿನವ, ಇಲ್ಲಿ ಯಾರೂ ಇಲ್ಲ. ಒಂದೂ ವೋಟ್ ಬೀಳದಿದ್ರೆ ಅವನಿಗೆ ಎಷ್ಟು ಬೇಜಾರಾಗ್ಲಿಕ್ಕಿಲ್ಲ? ನೀವೊಂದು ಹಾಕಿ. ಯಾರಿಗೂ ಹೇಳ್ಬೇಡಿ."

ಯಾರೂ ಯಾರಿಗೂ ಹೇಳಲಿಲ್ಲ. ನಮ್ಮ ಜನ ಗ್ರ್ಯಾಂಡ್ ಮಾಸ್ಟರರ ಮಾತನ್ನು ಇಷ್ಟು ಒಮ್ಮನಸ್ಸಿನಿಂದ ಪಾಲಿಸಿದ್ದು ಅದೇ ಮೊದಲು. ಹಾಲಿನ ಪುಡಿಯ ಡಬ್ಬಿಯಿಂದ ಚೀಟಿಗಳನ್ನು ತೆಗೆದು ಓದುತ್ತ ಹೋದಂತೆ ಪ್ರಕಾಶ, ಪ್ರಕಾಶ, ಪ್ರಕಾಶ. ಓದುತ್ತಿದ್ದ ನನ್ನ ಗಂಡನ ದನಿ ಸಣ್ಣದಾಗುತ್ತ ಬಂತು. ಮಾವನಿಗೆ ಬಿದ್ದದ್ದು ಬೆರಳೆಣಿಕೆ. ಅದರಲ್ಲೊಂದು ತನ್ನದು ಎಂದು ಪ್ರಕಾಶ ಆಮೇಲೆ ಕಣ್ಣು ತುಂಬಿಕೊಂಡು ಹೇಳಿದ.

"ಸಾರ್, ಇದು ಕ್ಯಾನ್ಸಲ್ ಮಾಡೋಣ. ಏನೋ ಮಿಸ್ಟೇಕ್ ಆಗಿದೆ."

"ಮಿಸ್ಟೇಕ್ ಎಂತದೂ ಇಲ್ಲ. ಜನ ಹೇಳಿ ಆಯ್ತಲ್ಲ," ಎಂದು ಮಾವ ತಮ್ಮ ಕುರ್ಚಿಯಿಂದ ಎದ್ದು ಹುಡುಗನನ್ನು ಕೈಹಿಡಿದು ಕೂರಿಸಿದರು. ಪಕ್ಕದ ಕುರ್ಚಿಯ ಟವೆಲ್ ಸ್ವಲ್ಪ ಜಾರಿತ್ತು, ಅದನ್ನು ನೇರಮಾಡಿ ಬಂದು ಚಾಪೆಯಲ್ಲಿ ಕೂತರು.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ, "ನೀವು ಯಾರಿಗೆ ಹಾಕಿದ್ದು ಮಾವ?"

"ಪ್ರಕಾಶನಿಗೆ. ಪಾಪ ಅಲ್ವಾ?"

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮಾವ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಬಟನ್ ಒತ್ತಿರಲಿಲ್ಲ.

"ಅವಳಿಗೆ ಎಂತ ಹೇಳುದು?" ಎಂದರು. "ಇಷ್ಟು ವರ್ಷ ಕರೆದದ್ದು ಈ ಕುರ್ಚಿ ತೋರಿಸಿ. ಈಗ ಸಂಘವೇ ನನ್ನ ಕೈಲಿಲ್ಲ. ಇನ್ನು ಎಂತ ತೋರಿಸಿ ಕರೆಯುದು?"

ಅಂದು ಅವರು ಕಳಿಸಿದ ಕ್ಯಾಸೆಟ್ಟಿನಲ್ಲಿ ಸಭೆಯ ಸದ್ದಿರಲಿಲ್ಲ. ನನ್ನೆದುರೇ ಎರಡು ಮಾತು ಹೇಳಿ ನಿಲ್ಲಿಸಿದರು. "ನಾನು ಸೋತೆ. ಕುರ್ಚಿಯ ವಿಷಯದಲ್ಲಿ ಇನ್ನು ನನಗೆ ಮಾತು ಕೊಡ್ಲಿಕ್ಕಾಗುದಿಲ್ಲ." ಅಷ್ಟೇ. ಅವರು ಒಂದೇ ಮಾತನ್ನು ಮೂರು ಸಲ ಹೇಳದೆ ಇದ್ದದ್ದು ಅದೊಂದೇ ಸಲ.

ಮುಂದಿನ ಸಭೆಗಳಿಗೆ ಮಾವ ತಪ್ಪದೆ ಬಂದರು, ಬ್ಯಾಡ್ಜು ಹಾಕಿಕೊಂಡೇ ಬಂದರು. ಕಾಲರು ಮಾತ್ರ ಮುಟ್ಟಿಕೊಳ್ಳುತ್ತಿರಲಿಲ್ಲ. ಅದನ್ನು ನೋಡಲು ನಮಗಾಗುತ್ತಿರಲಿಲ್ಲ. ಪ್ರಕಾಶನೂ ಗ್ರ್ಯಾಂಡ್ ಮಾಸ್ಟರರ ಕುರ್ಚಿಯ ತುದಿಯಲ್ಲಿ ಕೂತು, ಎಲ್ಲದಕ್ಕೂ ಚಾಪೆಯ ಕಡೆ ನೋಡುತ್ತಿದ್ದ. ಸಂಘದ ನಗುವೆಲ್ಲ ಎಲ್ಲಿಗೋ ರಜೆಗೆ ಹೋಗಿತ್ತು.

ಕೆಲವು ವಾರಗಳ ಮೇಲೆ ಅತ್ತೆಯ ಕ್ಯಾಸೆಟ್ಟು ಬಂತು. ಊರಿನಿಂದ ಬಂದವರು ಸಭೆಯ ಹೊತ್ತಿಗೇ ತಂದುಕೊಟ್ಟರು. ಮಾವ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಪ್ರಕಾಶ ಬಿಡಲಿಲ್ಲ.

"ಹಾಕಿ ಸಾರ್. ಮೇಡಂ ಮಾತಾಡದೆ ಮೀಟಿಂಗ್ ಮೀಟಿಂಗ್ ಥರ ಇರಲ್ಲ."

ಟೇಪ್ ರೆಕಾರ್ಡರ್ ಮತ್ತೆ ಬಿಳಿ ಟವೆಲ್ಲಿನ ಮೇಲೆ ಕೂತಿತು. ಬಟನ್ ಒತ್ತಿದಾಗ ನಮಗೆಲ್ಲ ಆಶ್ಚರ್ಯ. ಅತ್ತೆ ಸಭೆಯ ಕನ್ನಡದಲ್ಲಿ ಮಾತಾಡುತ್ತಿರಲಿಲ್ಲ. ಮನೆಯ ತುಳು. ಪ್ರಕಾಶನಿಗೆ ಅದು ಬಾರದು, ಲಿಲ್ಲಿ ಬಾಯಿ ಪಕ್ಕದಲ್ಲಿ ಮೆಲ್ಲಗೆ ಅರ್ಥ ಹೇಳತೊಡಗಿದರು.

"ನೀವು ಸೋತದ್ದು ಗೊತ್ತಾಯ್ತು," ಎಂದರು ಅತ್ತೆ. "ಇನ್ನು ನನ್ನ ಕ್ಯಾಸೆಟ್ ಸಭೆಯಲ್ಲಿ ಹಾಕ್ಲಿಕ್ಕಿಲ್ಲ, ನೀವೊಬ್ಬರೇ ಕೇಳ್ತೀರಿ ಅಂತ ಹೇಳ್ತಿದ್ದೇನೆ. ಇಷ್ಟು ವರ್ಷ ನೀವು ಕಳಿಸಿದ್ದರಲ್ಲಿ ಜನ ನಗುದು ಕೇಳ್ತಿತ್ತು. ಮಕ್ಕಳು, ಹೆಂಗಸರು, ಎಷ್ಟು ಜನ. ಇವರ ಸುತ್ತ ಅಷ್ಟು ಜನ ಇದ್ದಾರೆ, ಇವರು ಚೆಂದದಲ್ಲಿ ಇದ್ದಾರೆ, ನಾನು ಹೋಗಿ ಎಂತ ಮಾಡ್ಲಿಕ್ಕುಂಟು ಅಂದುಕೊಂಡೆ. ನಿಮಗಿಂತ ಇಲ್ಲಿಯವರಿಗೇ ನಾನು ಬೇಕು ಅಂದುಕೊಂಡೆ. ಈ ಸಲದ್ದರಲ್ಲಿ ನಿಮ್ಮ ದನಿ ಒಂದೇ ಇತ್ತು. ಅದನ್ನು ಎರಡನೇ ಸಲ ಕೇಳ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಮಂಡಳಿಯನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ. ವೀಸಾದ್ದು ಮಾಡಿ. ಕುರ್ಚಿ ಗಿರ್ಚಿ ಎಂತದೂ ಬೇಡ, ನಾನು ನೆಲದಲ್ಲಿ ಕೂತೇನು."

ಮಾತು ಮುಗಿಯಿತು. ಅತ್ತೆಗೆ ಈ ಸಲವೂ ನಿಲ್ಲಿಸಲು ಬರಲಿಲ್ಲ. ಕೋಳಿ ಕೂಗಿತು. ಬಾವಿಯ ರಾಟೆ ಕಿರುಗುಟ್ಟಿತು. ಯಾರೋ ಮೂಗು ಸೀಟಿದ ಸದ್ದು, ಅದು ಅಲ್ಲಿಯದೋ ಇಲ್ಲಿಯದೋ ಗೊತ್ತಾಗಲಿಲ್ಲ. ನನಗೆ ಮಾವನ ಮುಖ ನೋಡುವ ಧೈರ್ಯ ಬರಲಿಲ್ಲ. ಒಬ್ಬ ಮನುಷ್ಯ ಹೆಂಡತಿ ಬರಲೆಂದು ಒಂದು ಸಂಘ ಕಟ್ಟಿದ್ದ. ಆ ಸಂಘವಿದ್ದದ್ದರಿಂದಲೇ ಅವಳು ಅಷ್ಟು ವರ್ಷ ಬಂದಿರಲಿಲ್ಲ. ಯಾರನ್ನು ದೂರುವುದು? ಇಬ್ಬರ ಮೇಲೂ ನನಗೆ ತುಂಬ ಪ್ರೀತಿ ಬಂತು.

ಅಂದು ಯಾರೂ ಚಪ್ಪಲಿ ಹುಡುಕಲಿಲ್ಲ. ಲಿಲ್ಲಿ ಬಾಯಿ ಕೋಳಿಯ ಭಾಷಣದ ಬಗ್ಗೆ ಏನೂ ಕೇಳಲಿಲ್ಲ. ಗ್ರ್ಯಾಂಡ್ ಮಾಸ್ಟರ್ ಪ್ರಕಾಶ ಕುರ್ಚಿಯಿಂದಿಳಿದು ಬಂದು ನಮ್ಮ ಜೊತೆ ಚಾಪೆಯಲ್ಲಿ ಕೂತ. ಇಡೀ ಸಂಘ ಸುರತ್ಕಲ್ಲಿನ ಒಂದು ಅಂಗಳದ ಸದ್ದನ್ನು ಕೇಳುತ್ತ, ಟೇಪು ಮುಗಿದು ಬಟನ್ ಟಕ್ಕೆಂದು ಮೇಲೆ ಹಾರುವವರೆಗೆ ಕದಲದೆ ಕೂತಿತ್ತು.

ಮಾವ ಎದ್ದರು. ಟೇಪ್ ರೆಕಾರ್ಡರನ್ನು ಕುರ್ಚಿಯಿಂದ ಎತ್ತಿ ನೆಲದ ಮೇಲಿಟ್ಟರು. ಟವೆಲ್ ತೆಗೆದು ಕುರ್ಚಿಯನ್ನು ಒರೆಸತೊಡಗಿದರು. ಅದರಲ್ಲಿ ಧೂಳೇನೂ ಇರಲಿಲ್ಲ.